ಜಪಾನಿನ ಪದಗಳು, ಇಂಗ್ಲಿಷಿನ ದಲ್ಲಾಳಿ

ನಮ್ಮ ನಗರಗಳ ಕಾಲೇಜು ವಿದ್ಯಾರ್ಥಿಗಳ ಮಾತಿನಲ್ಲಿ ಕೆಲವು ವರ್ಷಗಳಿಂದ ಹೊಸದೊಂದು ಪದಸಮೂಹ ಕೇಳಿಬರುತ್ತಿದೆ. ಮೇಲಿನ ತರಗತಿಯವನು ‘ಸೆನ್‌ಪಾಯ್’. ಮುದ್ದಾಗಿ ಕಂಡದ್ದೆಲ್ಲ ‘ಕವಾಯಿ’. ಪೆದ್ದುತನ ಮಾಡಿದವನು ‘ಬಕ’. ಮಹಾಭಾರತ ಕೇಳಿ ಬೆಳೆದ ನಮ್ಮಂಥವರಿಗೆ ಈ ಕೊನೆಯ ಪದದಿಂದ ಬಂಡಿ ಅನ್ನ ಉಂಡ ಬಕಾಸುರನ ನೆನಪಾಗುವುದು ಸಹಜ. ಆದರೆ ಇದು ಜಪಾನಿ ಭಾಷೆಯಲ್ಲಿ ಮೂರ್ಖನಿಗೆ ಇರುವ ಸರ್ವೇಸಾಮಾನ್ಯ ಹೆಸರು. ಜಪಾನಿನ ಅನಿಮೇಷನ್ ಚಿತ್ರಗಳಾದ ‘ಅನಿಮೆ’ ಮತ್ತು ಅಲ್ಲಿಯ ಚಿತ್ರಕಥೆಗಳಾದ ‘ಮಾಂಗಾ’ಗಳ ಅಭಿಮಾನಿಗಳು ಲೋಕದಾದ್ಯಂತ ಬಳಸುವ ಪರಿಭಾಷೆ ಇದು. ಸಾವೊ ಪಾಲೊದ ಹುಡುಗಿಗೂ ಪ್ಯಾರಿಸ್ಸಿನ ಹುಡುಗನಿಗೂ ಬೆಂಗಳೂರಿನ ವಿದ್ಯಾರ್ಥಿಗೂ ಈ ಪದಗಳು ಸಮಾನ ಆಸ್ತಿ.

ಇದನ್ನು ಕೇಳಿದ ಹಿರಿಯರಲ್ಲಿ ಹೆಚ್ಚಿನವರ ಪ್ರತಿಕ್ರಿಯೆ ಒಂದೇ: ಇಂಗ್ಲಿಷಿನ ಹೊಡೆತವೇ ಸಾಲದೆ ಈಗ ಜಪಾನಿಯೂ ಬಂತೇ, ಕನ್ನಡದ ಗತಿಯೇನು? ಭಾಷೆಯ ಬಗ್ಗೆ ಕಾಳಜಿಯಿಂದ ಹುಟ್ಟಿದ ಪ್ರಶ್ನೆಯಾದ್ದರಿಂದ ಇದನ್ನು ಹಗುರವಾಗಿ ತಳ್ಳಿಹಾಕಬಾರದು. ಆದರೆ ರೋಗದ ಸ್ಥಾನವನ್ನು ಅದು ತಪ್ಪಾಗಿ ಗುರುತಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಪದಗಳು ಬಂದದ್ದರಲ್ಲಿ ದೋಷವಿಲ್ಲ. ಅವು ಬಂದ ದಾರಿಯನ್ನು ನಾವು ಪರಿಶೀಲಿಸಬೇಕಾಗಿದೆ.

ಪದಗಳ ಸಾಲದ ವಿಚಾರದಲ್ಲಿ ನಮ್ಮ ಕಂದಾಯ ಇಲಾಖೆಯಷ್ಟು ಒಳ್ಳೆಯ ಪಾಠಶಾಲೆ ಬೇರೆ ಇಲ್ಲ. ಮೂರು ದಶಕಗಳ ಸರ್ಕಾರಿ ಸೇವೆಯಲ್ಲಿ ನಾನು ದಿನವೂ ಬಳಸಿದ ಅರ್ಜಿ, ಜಮೀನು, ದರಖಾಸ್ತು, ತಹಶೀಲ್ದಾರ್, ಜಮಾಬಂದಿ ಮೊದಲಾದ ಪದಗಳು ಪಾರಸಿ-ಅರಬ್ಬಿ ಮೂಲದವು. ಪಹಣಿ ಮರಾಠಿಯಿಂದ ಬಂದದ್ದು. ಕನ್ನಡ ನಾಡಿನ ಜೀವಾಳವೆಂದು ನಾವು ಹೇಳುವ ‘ರೈತ’ ಎಂಬ ಪದವೇ ಅರಬ್ಬಿಯಲ್ಲಿ ಹುಟ್ಟಿ ಪಾರಸಿಯ ಮೂಲಕ ಬಂದದ್ದು. ಇವುಗಳಿಂದ ಕನ್ನಡ ಬಡವಾಯಿತೆಂದು ಯಾರೂ ಹೇಳಲಾರರು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಸಂಸ್ಕೃತದ ಪದಗಳು ಕನ್ನಡದ ಬಾಯಿಗೆ ಹೊಂದಿಕೊಳ್ಳುವ ಬಗೆಗೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಅರ್ಥಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಪದವು ವಿಚಿತ್ರವಾದ ಸರಕು. ಕೊಟ್ಟವನ ದಾಸ್ತಾನು ಕಡಿಮೆಯಾಗುವುದಿಲ್ಲ, ತಂದವನು ಬಡ್ಡಿ ಕಟ್ಟಬೇಕಿಲ್ಲ. ಆದರೆ ಸಾಗಣೆಯಲ್ಲಿ ಸರಕಿನ ಗುಣ ಬದಲಾಗುತ್ತದೆ. ಜಪಾನಿನ ಪದಗಳ ಕಥೆಯಲ್ಲಿ ಈ ಬದಲಾವಣೆಯೇ ಸ್ವಾರಸ್ಯಕರವಾದ ಭಾಗ.

‘ಒಟಾಕು’ ಎಂಬ ಪದವನ್ನೇ ನೋಡೋಣ. ಅನಿಮೆಯ ಕಟ್ಟಾ ಅಭಿಮಾನಿಗಳು ಇಂದು ತಮ್ಮನ್ನು ಹೆಮ್ಮೆಯಿಂದ ಕರೆದುಕೊಳ್ಳುವ ಹೆಸರಿದು. ‘ತಾಕು’ ಎಂದರೆ ಮನೆ. ‘ಒ’ ಗೌರವಸೂಚಕ ಪೂರ್ವಪದ. ‘ತಮ್ಮ ಮನೆ’ ಎಂಬ ಅರ್ಥದಿಂದ ಅದು ‘ತಾವು’ ಎಂಬ ಔಪಚಾರಿಕ ಸಂಬೋಧನೆಯಾಯಿತು. ಗೃಹಿಣಿಯರೂ ವ್ಯಾಪಾರಸ್ಥರೂ ಅಷ್ಟಾಗಿ ಪರಿಚಯವಿಲ್ಲದವರೊಂದಿಗೆ ಮಾತನಾಡುವಾಗ ಬಳಸುವ ಪದ. ಎಂಬತ್ತರ ದಶಕದ ಆರಂಭದಲ್ಲಿ ಟೋಕಿಯೊದ ಮಾಂಗಾ ಮೇಳಗಳಲ್ಲಿ ಸೇರುತ್ತಿದ್ದ ತರುಣರು ಒಬ್ಬರನ್ನೊಬ್ಬರು ಹೀಗೆ ಸಂಬೋಧಿಸುತ್ತಿದ್ದರು. ನಮ್ಮ ಕಾಲೇಜಿನ ಕ್ಯಾಂಟೀನಿನಲ್ಲಿ ಹದಿನೆಂಟರ ಹುಡುಗರು ಪರಸ್ಪರ ‘ತಾವು’, ‘ತಮ್ಮ’ ಎಂದು ಮಾತನಾಡಿದರೆ ಹೇಗಿರುತ್ತದೆಯೋ ಹಾಗೆ. 1983ರಲ್ಲಿ ನಕಾಮೊರಿ ಅಕಿಯೊ ಎಂಬ ಅಂಕಣಕಾರ ಈ ವಿಚಿತ್ರವನ್ನು ಗೇಲಿ ಮಾಡಿ, ಆ ತರುಣರಿಗೆಲ್ಲ ‘ಒಟಾಕು’ ಎಂದೇ ಹೆಸರಿಟ್ಟು ಪತ್ರಿಕೆಯೊಂದರಲ್ಲಿ ಬರೆದರು. ಗೌರವದ ಸಂಬೋಧನೆ ಹೀಗೆ ಗೇಲಿಯ ನಾಮಪದವಾಯಿತು.

ಅಷ್ಟರಲ್ಲೇ ನಿಲ್ಲಲಿಲ್ಲ. 1989ರಲ್ಲಿ ನಾಲ್ವರು ಬಾಲಕಿಯರ ಕೊಲೆಗಾಗಿ ಬಂಧಿತನಾದ ವ್ಯಕ್ತಿಯ ಕೋಣೆಯಲ್ಲಿ ವಿಡಿಯೊ ಕ್ಯಾಸೆಟ್ಟುಗಳ ರಾಶಿ ಕಂಡುಬಂದಾಗ ಜಪಾನಿನ ಮಾಧ್ಯಮಗಳು ಅವನನ್ನು ಒಟಾಕು ಎಂದು ಕರೆದವು. ಮುಂದೆ ಹಲವು ವರ್ಷ ಆ ಪದ ಜಪಾನಿನಲ್ಲಿ ಕಳಂಕದ ಮುದ್ರೆಯಾಗಿತ್ತು. ಅದೇ ಕಾಲಕ್ಕೆ ಅಮೆರಿಕ, ಯುರೋಪುಗಳ ಅಭಿಮಾನಿಗಳು, ಈ ಕಳಂಕದ ಭಾರ ಹೊರದೆಯೇ, ಅದನ್ನು ಬಿರುದಿನಂತೆ ಧರಿಸಿದರು. ಜಪಾನಿನಲ್ಲಿ ಮುಖ ತಗ್ಗಿಸುವಂತೆ ಮಾಡುತ್ತಿದ್ದ ಪದ ಸಾಗರದಾಚೆ ತಲೆಯೆತ್ತಿ ನಡೆಯಿತು. ಕ್ರಮೇಣ ಜಪಾನಿನಲ್ಲಿಯೂ ಅದರ ಕಹಿ ಬಹುಮಟ್ಟಿಗೆ ಇಳಿಯಿತು. 2007ರಲ್ಲಿ, ಸ್ವತಃ ಮಾಂಗಾ ಪ್ರೇಮಿಯಾಗಿದ್ದ ವಿದೇಶಾಂಗ ಸಚಿವ ತಾರೊ ಅಸೊ ಅವರು ಅಂತರರಾಷ್ಟ್ರೀಯ ಮಾಂಗಾ ಪ್ರಶಸ್ತಿಯನ್ನು ಸ್ಥಾಪಿಸಿದರು. ಮರುವರ್ಷ ಅವರು ಪ್ರಧಾನಿಯೂ ಆದರು.

ಇನ್ನು ಕೆಲವು ಪದಗಳದು ಹೋಗಿ-ಬರುವ ಪ್ರಯಾಣ. ಚಿಕ್ಕಮಗಳೂರಿನ ಕಾಫಿಬೀಜ ವಿದೇಶಕ್ಕೆ ಹೋಗಿ, ಹೊಸ ಹೆಸರು ಹೊತ್ತು ಹೊಳೆಯುವ ಪೊಟ್ಟಣದಲ್ಲಿ ಹಿಂದಿರುಗಿದಂತೆ. ಇಂಗ್ಲಿಷಿನ ‘ಅನಿಮೇಷನ್’ ಜಪಾನಿಗೆ ಹೋಗಿ, ಬಾಲ ಕತ್ತರಿಸಿಕೊಂಡು ‘ಅನಿಮೆ’ಯಾಯಿತು. ಜಪಾನಿನಲ್ಲಿ ಡಿಸ್ನಿಯ ಚಿತ್ರವೂ ಅನಿಮೆಯೇ. ಆದರೆ ಅದೇ ಪದ ಇಂಗ್ಲಿಷಿಗೆ ಹಿಂದಿರುಗಿದಾಗ ‘ಜಪಾನಿನ ಅನಿಮೇಷನ್’ ಎಂದು ಅರ್ಥ ಸಂಕುಚಿತವಾಯಿತು. ಪಾತ್ರಗಳಂತೆ ವೇಷ ಧರಿಸುವ ಹವ್ಯಾಸಕ್ಕೆ ‘ಕೋಸ್‌ಪ್ಲೇ’ ಎನ್ನುತ್ತಾರೆ. ವೇಷಭೂಷಣ ಮತ್ತು ಆಟ ಎಂಬರ್ಥದ ಎರಡು ಇಂಗ್ಲಿಷ್ ಪದಗಳನ್ನು ಕತ್ತರಿಸಿ ಜೋಡಿಸಿದ ಈ ಪದ ಹುಟ್ಟಿದ್ದು ಇಂಗ್ಲೆಂಡಿನಲ್ಲಿ ಅಲ್ಲ, ಜಪಾನಿನಲ್ಲಿ. 1983ರಲ್ಲಿ ‘ಮೈ ಅನಿಮೆ’ ಎಂಬ ಪತ್ರಿಕೆಯಲ್ಲಿ ನೊಬುಯುಕಿ ತಕಾಹಾಶಿ ಅದನ್ನು ಬಳಕೆಗೆ ತಂದರು. ಇಂದು ಇಂಗ್ಲಿಷ್ ನಿಘಂಟುಗಳಲ್ಲಿ ಅದು ನೆಲೆಯಾಗಿದೆ.

‘ವೈಫು’ ಎಂಬುದರ ಕಥೆ ಇನ್ನೂ ವಿನೋದದ್ದು. ಇಂಗ್ಲಿಷಿನ ‘ವೈಫ್’ ಜಪಾನಿ ಉಚ್ಚಾರಣೆಯಲ್ಲಿ ಸ್ವರಾಂತವಾಗಿ ‘ವೈಫು’ ಆಗುತ್ತದೆ, ನಮ್ಮಲ್ಲಿ ಬಸ್ ‘ಬಸ್ಸು’ ಆದ ಹಾಗೆಯೇ. 2002ರ ‘ಅಜುಮಾಂಗಾ ದಾಯೊ’ ಎಂಬ ಅನಿಮೆಯಲ್ಲಿ ಅಧ್ಯಾಪಕನೊಬ್ಬ ಹೆಂಡತಿಯ ಭಾವಚಿತ್ರ ತೋರಿಸಿ ಈ ಪದ ಬಳಸುವ ಸನ್ನಿವೇಶವಿದೆ. ಅಲ್ಲಿಂದ ಅದನ್ನು ಎತ್ತಿಕೊಂಡ ಇಂಗ್ಲಿಷ್ ಮಾತಿನ ಅಭಿಮಾನಿಗಳು, ತಾವು ಮೆಚ್ಚಿದ ಕಾಲ್ಪನಿಕ ನಾಯಕಿಗೆ ಅದನ್ನು ಅನ್ವಯಿಸಿದರು. ಜಪಾನಿನ ಗೃಹಸ್ಥ ತನ್ನ ಹೆಂಡತಿಯನ್ನು ಹೀಗೆ ಕರೆಯುವುದು ವಿರಳ. ಹಳೆಯ ತಲೆಮಾರಿನವನಾದರೆ ‘ಕನಾಯ್’ ಎನ್ನುತ್ತಾನೆ, ಅಂದರೆ ‘ಮನೆಯ ಒಳಗಿನವಳು’. ನಮ್ಮಲ್ಲಿ ಗಂಡನ ಅಥವಾ ಹೆಂಡತಿಯ ಹೆಸರು ಹೇಳದೆ ‘ನಮ್ಮ ಮನೆಯವರು’ ಎನ್ನುವ ಸಂಕೋಚವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪ್ರಯಾಣದಲ್ಲಿ ಲಾಭ ಮಾತ್ರವಲ್ಲ, ನಷ್ಟವೂ ಇದೆ. ಕಾರ್ಮಿಕ ಅಂಕಿಅಂಶಗಳ ಪರಿಚಯವಿರುವವರಿಗೆ ‘ನೀಟ್’ ಎಂಬ ಸಂಕ್ಷಿಪ್ತ ರೂಪ ಗೊತ್ತು. ನಮ್ಮ ಮನೆಗಳಲ್ಲಿ ನಿದ್ದೆಗೆಡಿಸುವ ವೈದ್ಯಕೀಯ ಪ್ರವೇಶ ಪರೀಕ್ಷೆಯ ಮಾತಲ್ಲ ಇದು; ಓದೂ ಇಲ್ಲದ, ಉದ್ಯೋಗವೂ ಇಲ್ಲದ, ತರಬೇತಿಯೂ ಇಲ್ಲದ ಯುವಜನರನ್ನು ಗುರುತಿಸಲು ತೊಂಬತ್ತರ ದಶಕದಲ್ಲಿ ಬ್ರಿಟನ್ನಿನ ಆಡಳಿತ ವಲಯದಲ್ಲಿ ರೂಪುಗೊಂಡ ವರ್ಗನಾಮ. ಸುಸ್ಥಿರ ಅಭಿವೃದ್ಧಿ ಗುರಿಗಳ ಸೂಚ್ಯಂಕಗಳಲ್ಲಿ ಇಂದು ಅದಕ್ಕೆ ಸ್ಥಾನವಿದೆ. ಅದು ಜಪಾನಿಗೆ ಹೋಗಿ ‘ನೀತೊ’ ಆಯಿತು, ಅಲ್ಲಿಯ ಕಥೆಗಳ ಪಾತ್ರವಾಯಿತು, ಅಲ್ಲಿಂದ ಅಭಿಮಾನಿಗಳ ಬಾಯಲ್ಲಿ ತಮಾಷೆಯ ಬಿರುದಾಯಿತು. ‘ನಾನೊಬ್ಬ ನೀಟ್’ ಎಂದು ನಗುತ್ತ ಹೇಳುವ ತರುಣನಿಗೆ ಆ ಪದದ ಹಿಂದೆ ಸರ್ಕಾರಿ ವರದಿಯೊಂದಿದೆ ಎಂಬುದು ತಿಳಿದಿರಲಾರದು.

‘ಹಿಕಿಕೊಮೊರಿ’ ಇದಕ್ಕಿಂತ ಗಂಭೀರ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಮನೆಯಿಂದ ಹೊರಬಾರದೆ, ಸಮಾಜದಿಂದ ಸಂಪೂರ್ಣ ಹಿಂದೆ ಸರಿದವರನ್ನು ಸೂಚಿಸುವ ಪದವಿದು. ಮನೋವೈದ್ಯ ಸಾಯಿತೊ ತಮಾಕಿ 1998ರಲ್ಲಿ ಬರೆದ ಪುಸ್ತಕದಿಂದ ಜಪಾನಿನ ಜನಸಾಮಾನ್ಯರಿಗೆ ಇದು ಪರಿಚಿತವಾಯಿತು. ಅಲ್ಲಿನ ಸರ್ಕಾರ 2019ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ 40ರಿಂದ 64 ವಯಸ್ಸಿನವರಲ್ಲಿಯೇ ಇಂಥವರು 6.13 ಲಕ್ಷ. ಎಂಬತ್ತು ದಾಟಿದ ತಂದೆತಾಯಿಯ ಪಿಂಚಣಿಯಲ್ಲಿ ಐವತ್ತರ ಮಕ್ಕಳು ಬದುಕುವ ಸ್ಥಿತಿ. ಅಭಿಮಾನಿಗಳ ಪರಿಭಾಷೆಯಲ್ಲಿ ಈ ಪದ, ರಜೆಯ ದಿನ ಕೋಣೆಯಲ್ಲೇ ಕುಳಿತು ಚಿತ್ರ ನೋಡುವ ಹವ್ಯಾಸಕ್ಕೆ ಹಗುರವಾದ ಹೆಸರಾಗಿಬಿಟ್ಟಿದೆ. ಪದ ಗಡಿ ದಾಟಿತು. ಅದರೊಳಗಿನ ಸಂಕಟ ಸುಂಕದ ಕಟ್ಟೆಯಲ್ಲೇ ಉಳಿಯಿತು.

ಈ ಪದಗಳನ್ನು ಹೊತ್ತು ತಂದವರು ಯಾರು? ಸರ್ಕಾರಗಳಲ್ಲ, ದೊಡ್ಡ ಸಂಸ್ಥೆಗಳೂ ಅಲ್ಲ. ಎಂಬತ್ತರ ದಶಕದ ಕೊನೆಯಿಂದ ಅಮೆರಿಕದ ವಿದ್ಯಾರ್ಥಿಗಳೂ ಹವ್ಯಾಸಿಗಳೂ ಜಪಾನಿನ ವಿಡಿಯೊ ಟೇಪುಗಳನ್ನು ತರಿಸಿ, ಮನೆಯ ಕಂಪ್ಯೂಟರುಗಳಲ್ಲಿ ಇಂಗ್ಲಿಷ್ ಅಡಿಬರಹ ಸೇರಿಸಿ, ಟೇಪು ಮತ್ತು ಅಂಚೆಯ ವೆಚ್ಚಕ್ಕೆ ಹಂಚುತ್ತಿದ್ದರು. ಕೃತಿಸ್ವಾಮ್ಯದ ದೃಷ್ಟಿಯಿಂದ ಇದು ಅಕ್ರಮವೇ. ಆದರೆ ಮಾರುಕಟ್ಟೆ ಇರುವುದನ್ನು ಕಂಪನಿಗಳಿಗೆ ತೋರಿಸಿಕೊಟ್ಟವರಲ್ಲಿ ಇವರೂ ಸೇರಿದ್ದಾರೆ. ಇವರಲ್ಲಿ ಅನೇಕರು, ಇಂಗ್ಲಿಷಿನಲ್ಲಿ ಸರಿಸಾಟಿಯಾದ ಪದವಿಲ್ಲ ಎನಿಸಿದಾಗ ಮೂಲಪದವನ್ನೇ ಉಳಿಸಿ ಟಿಪ್ಪಣಿ ಬರೆಯುತ್ತಿದ್ದರು. ‘ಒನ್ ಪೀಸ್’ ಕಥೆಯ ‘ನಕಾಮಾ’ ಎಂಬ ಪದಕ್ಕೆ ‘ಸ್ನೇಹಿತ’ ಎಂದರೆ ಸಾಲದು, ‘ತಂಡ’ ಎಂದರೆ ಸರಿಯಲ್ಲ ಎಂದು ಅಭಿಮಾನಿಗಳು ವರ್ಷಗಟ್ಟಲೆ ವಾದಿಸಿದ್ದುಂಟು. ಈ ಚಟ ಅತಿಗೆ ಹೋದದ್ದೂ ಇದೆ. ‘ಯೋಜನೆ’ ಎಂಬ ಸರಳ ಅರ್ಥದ ‘ಕೆಯಿಕಾಕು’ ಪದವನ್ನು ಹಾಗೆಯೇ ಉಳಿಸಿ, ‘ಕೆಯಿಕಾಕು ಎಂದರೆ ಯೋಜನೆ’ ಎಂದು ಅಡಿಟಿಪ್ಪಣಿ ಕೊಟ್ಟ ಅನುವಾದಕನ ಪ್ರಸಂಗ ಅಭಿಮಾನಿಗಳಲ್ಲಿ ಇಂದಿಗೂ ನಗೆಯ ವಸ್ತು. ಕಡತಗಳಲ್ಲಿ ಇಂಥ ವಿವರಣೆಗಳನ್ನು ಸಾಕಷ್ಟು ಓದಿದ ನನಗೆ ಆ ಅನುವಾದಕನ ಬಗ್ಗೆ ಅನುಕಂಪವಿದೆ.

ಜಪಾನ್ ಸರ್ಕಾರ ಈ ಸಂಪತ್ತನ್ನು ಗಮನಿಸಿದ್ದು ತಡವಾಗಿ. 2002ರಲ್ಲಿ ಡಗ್ಲಸ್ ಮೆಕ್‌ಗ್ರೇ ಎಂಬ ಅಮೆರಿಕನ್ ಪತ್ರಕರ್ತ, ರಾಷ್ಟ್ರೀಯ ಒಟ್ಟು ಉತ್ಪನ್ನ ಎಂಬ ಮಾತನ್ನು ಅಣಕಿಸಿ, ಜಪಾನಿನ ‘ರಾಷ್ಟ್ರೀಯ ಒಟ್ಟು ಆಕರ್ಷಣೆ’ಯ ಬಗ್ಗೆ ಬರೆದ ಲೇಖನ ಅಲ್ಲಿನ ಅಧಿಕಾರಿಗಳ ಕಣ್ತೆರೆಸಿತು. 2013ರಲ್ಲಿ ‘ಕೂಲ್ ಜಪಾನ್’ ನಿಧಿ ಸ್ಥಾಪನೆಯಾಯಿತು. ಒಂದು ದಶಕ ತುಂಬುವ ಮೊದಲೇ ಅದರ ಒಟ್ಟು ನಷ್ಟ 3,000 ಕೋಟಿ ಯೆನ್ ದಾಟಿತು. ಅತ್ತ ಅನಿಮೆಯಾದರೋ ತನ್ನ ಪಾಡಿಗೆ ತಾನು ಬೆಳೆಯಿತು. ಉದ್ಯಮದ ಸಂಘವೇ ಹೇಳುವಂತೆ 2023ರಲ್ಲಿ ಅದರ ಮಾರುಕಟ್ಟೆ ಸುಮಾರು 3.3 ಲಕ್ಷ ಕೋಟಿ ಯೆನ್. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಹೊರದೇಶಗಳದು. 2024ರ ಮಾರ್ಚಿನಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಒಮ್ಮೆಗೇ 23 ಜಪಾನಿ ಮೂಲದ ಪದಗಳನ್ನು ಸೇರಿಸಿತು. ಅವುಗಳಲ್ಲಿ ಅನ್ಯಲೋಕದ ಕಥೆಗಳಿಗೆ ಹೆಸರಾದ ‘ಇಸೆಕಾಯ್’, ಮಾಂಗಾ ಬರೆಯುವವನೆಂಬ ಅರ್ಥದ ‘ಮಾಂಗಾಕಾ’ ಇವೆ. ಯಾವ ನಿಧಿಯ ನೆರವೂ ಇಲ್ಲದೆ, ಕೃತಿಗಳ ಮೇಲಿನ ಪ್ರೀತಿಯ ಬೆನ್ನೇರಿ ಹೋದ ಪದಗಳಿವು.

ಇಷ್ಟೊಂದು ಪದಗಳನ್ನು ಲೋಕಕ್ಕೆ ಕೊಟ್ಟ ದೇಶದಲ್ಲಿ ಭಾಷೆಯ ಬಗ್ಗೆ ಆತಂಕವಿಲ್ಲ ಎಂದು ಭಾವಿಸಬೇಡಿ. ಪರಭಾಷೆಯ ಪದಗಳನ್ನು ಬರೆಯಲು ‘ಕತಕಾನ’ ಎಂಬ ಪ್ರತ್ಯೇಕ ಲಿಪಿಯನ್ನೇ ಬಳಸುವ ಜಪಾನಿನಲ್ಲಿ ಇಂಗ್ಲಿಷ್ ಪದಗಳ ಪ್ರವಾಹ ಹಿರಿಯರನ್ನು ಕಂಗೆಡಿಸಿದೆ. ಯುದ್ಧಕಾಲದಲ್ಲಿ ಇಂಗ್ಲಿಷನ್ನು ಶತ್ರುಭಾಷೆಯೆಂದು ಕರೆದು ಬೇಸ್‌ಬಾಲ್ ಆಟದ ಪದಗಳನ್ನೂ ಬದಲಾಯಿಸಿದ್ದರು. ಯುದ್ಧ ಮುಗಿದೊಡನೆ ಹಳೆಯ ಪದಗಳು ಹಿಂದಿರುಗಿದವು. 2003ರಿಂದ 2006ರವರೆಗೆ ಅಲ್ಲಿಯ ರಾಷ್ಟ್ರೀಯ ಭಾಷಾ ಸಂಸ್ಥೆ, ಅರ್ಥವಾಗದ 176 ಪರಭಾಷಾ ಪದಗಳಿಗೆ ಬದಲಿ ಪದಗಳನ್ನು ಸೂಚಿಸಿತು. 2013ರಲ್ಲಿ ಎಪ್ಪತ್ತು ದಾಟಿದ ವೀಕ್ಷಕರೊಬ್ಬರು, ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆ ಇಂಗ್ಲಿಷ್ ಪದಗಳನ್ನು ಅತಿಯಾಗಿ ಬಳಸಿ ತಮಗೆ ಮಾನಸಿಕ ಯಾತನೆ ಉಂಟುಮಾಡಿದೆಯೆಂದು 14.1 ಲಕ್ಷ ಯೆನ್ ಪರಿಹಾರ ಕೋರಿ ದಾವೆ ಹೂಡಿದರು. ಮರುವರ್ಷ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಆ ಹಿರಿಯರ ಅಳಲು ಬೆಂಗಳೂರಿನ ಯಾವುದೇ ಉದ್ಯಾನವನದ ಬೆಂಚಿನ ಮೇಲೂ ಕೇಳಬಹುದಾದದ್ದೇ. ಆದರೆ ಗಮನಿಸಬೇಕಾದ ಸಂಗತಿಯೆಂದರೆ, ಹೆಚ್ಚು ಪದಗಳನ್ನು ತೆಗೆದುಕೊಂಡ ಭಾಷೆಯೇ ಹೆಚ್ಚು ಪದಗಳನ್ನು ಕೊಟ್ಟಿದೆ. ತೆಗೆದುಕೊಂಡದ್ದನ್ನು ತನ್ನ ಬಾಯಿಗೆ ತಕ್ಕಂತೆ ಕತ್ತರಿಸಿ, ಹೊಲಿದು, ಹೊಸ ಕಥೆಗಳಲ್ಲಿ ಬಳಸುವ ಧೈರ್ಯ ಅದಕ್ಕಿತ್ತು.

ಈಗ ದಾರಿಯ ಪ್ರಶ್ನೆಗೆ ಬರೋಣ. ನಮ್ಮ ಮಕ್ಕಳಿಗೆ ಈ ಪದಗಳು ತಲುಪುತ್ತಿರುವುದು ಬಹುಪಾಲು ಇಂಗ್ಲಿಷ್ ಅಡಿಬರಹಗಳ ಮೂಲಕ. ನಿವೃತ್ತಿಯ ನಂತರದ ಬಿಡುವಿನಲ್ಲಿ ಮನೆಯ ಮಕ್ಕಳೊಂದಿಗೆ ಕುಳಿತು ಇಂಥ ಕೆಲವು ಚಿತ್ರಗಳನ್ನು ನಾನು ನೋಡಿದ್ದೇನೆ. ಕಿವಿಗೆ ಕೇಳುವ ಜಪಾನಿಗೂ ಕಣ್ಣಿಗೆ ಕಾಣುವ ಇಂಗ್ಲಿಷಿಗೂ ಇರುವ ಅಂತರ ಭಾಷೆ ಬಾರದವನಿಗೂ ತಿಳಿಯುತ್ತದೆ. ಜಪಾನಿಯಲ್ಲಿ ಅಣ್ಣ, ತಮ್ಮ, ಅಕ್ಕ, ತಂಗಿ ಈ ನಾಲ್ವರಿಗೂ ನಾಲ್ಕು ಬೇರೆ ಪದಗಳಿವೆ, ಇಂಗ್ಲಿಷಿನಲ್ಲಿ ಎರಡೇ. ಪರಿಚಯವಿಲ್ಲದ ತರುಣನನ್ನೂ ಅಲ್ಲಿ ‘ಅಣ್ಣ’ ಎಂಬರ್ಥದ ‘ಒನೀಸಾನ್’ ಎಂದು ಕರೆಯುವುದುಂಟು, ನಾವು ಹಣ್ಣಿನ ಅಂಗಡಿಯವನನ್ನು ಕರೆಯುವ ಹಾಗೆ. ಅಣ್ಣನನ್ನು ಕೂಗುವ ತಂಗಿಯ ಬಾಯಿಂದ ‘ಒನೀಚಾನ್’ ಎಂದು ಕೇಳುತ್ತಿರುವಾಗ ಅಡಿಬರಹದಲ್ಲಿ ಹಲವು ವೇಳೆ ಅವನ ಹೆಸರಷ್ಟೇ ಕಾಣುತ್ತದೆ, ಏಕೆಂದರೆ ಇಂಗ್ಲಿಷಿನಲ್ಲಿ ಅಣ್ಣನನ್ನು ಹಾಗೆ ಕರೆಯುವ ರೂಢಿಯಿಲ್ಲ.

ಸಂಬೋಧನೆಯ ಮೆಟ್ಟಿಲುಗಳೂ ಹಾಗೆಯೇ. ನೀನು, ನೀವು, ತಾವು ಎಂಬ ಭೇದ ನಮಗೆ ರಕ್ತಗತ. ಜಪಾನಿಯಲ್ಲಿ ಮೆಟ್ಟಿಲುಗಳು ಇನ್ನೂ ಹೆಚ್ಚು. ಹೆಸರಿನ ಮುಂದೆ ಬರುವ ಸಾನ್, ಕುನ್, ಚಾನ್, ಸಾಮಾ ಎಂಬ ಪ್ರತ್ಯಯಗಳು ಮಾತನಾಡುವವರ ಸಂಬಂಧವನ್ನು ಅಳೆದು ಹೇಳುತ್ತವೆ. ‘ಕಿಸಾಮಾ’ ಎಂಬುದು ಒಂದು ಕಾಲದಲ್ಲಿ ಮಾನ್ಯರನ್ನು ಕರೆಯುವ ಪದವಾಗಿತ್ತು. ಇಂದು ಅನಿಮೆಗಳಲ್ಲಿ ವೈರಿಯ ಮೇಲೆ ಎಸೆಯುವ ಬೈಗುಳ. ನಮ್ಮ ‘ಮಹಾನುಭಾವ’ನೂ ‘ಮಹಾಶಯ’ನೂ ವ್ಯಂಗ್ಯದ ಬಾಯಿಗೆ ಬಿದ್ದು ಪಡುವ ಪಾಡನ್ನು ಬಲ್ಲ ಕನ್ನಡಿಗನಿಗೆ ಇದು ತಟ್ಟನೆ ಅರ್ಥವಾದೀತು. ಇಂಗ್ಲಿಷಿನ ಅಡಿಬರಹದಲ್ಲಿ ಅರಸನಿಗೂ ಆಳಿಗೂ ಗೆಳೆಯನಿಗೂ ವೈರಿಗೂ ‘ಯೂ’ ಒಂದೇ.

ಅನುಕರಣ ಶಬ್ದಗಳನ್ನು ನೋಡಿ. ಹೃದಯದ ಬಡಿತಕ್ಕೆ ಜಪಾನಿಯಲ್ಲಿ ‘ದೊಕಿದೊಕಿ’, ಕನ್ನಡದಲ್ಲಿ ‘ಢವಢವ’. ಹೊಳಪಿಗೆ ಅಲ್ಲಿ ‘ಕಿರಕಿರ’, ಇಲ್ಲಿ ‘ಮಿಣಮಿಣ’. ಮಾಂಗಾಗಳಲ್ಲಿ ಮೌನಕ್ಕೂ ಒಂದು ಸದ್ದಿದೆ, ‘ಶೀನ್’. ಸದ್ದಿಲ್ಲದ್ದಕ್ಕೆ ಸದ್ದು ಕೊಡುವ ಈ ಕಲೆ ನಮಗೆ ಹೊಸದಲ್ಲ: ಖಾಲಿ ಮನೆ ‘ಬಿಕೋ’ ಎನ್ನುತ್ತದೆ, ಕತ್ತಲೆ ‘ಗವ್’ ಎನ್ನುತ್ತದೆ. ಅಭಿಮಾನಿಗಳ ಪ್ರಿಯವಾದ ‘ತ್ಸುಂದೆರೆ’ ಎಂಬ ಪಾತ್ರವಿಶೇಷವೂ ಇಂಥ ಎರಡು ಅನುಕರಣಗಳ ಜೋಡಣೆಯೇ: ಮೊದಲು ‘ತ್ಸುನ್ ತ್ಸುನ್’ ಎಂದು ಸಿಡಿಮಿಡಿಗುಟ್ಟಿ, ಆಮೇಲೆ ‘ದೆರೆ ದೆರೆ’ ಎಂದು ಕರಗಿ ನೀರಾಗುವ ಸ್ವಭಾವ. ಇಂಗ್ಲಿಷಿನಲ್ಲಿ ಇದಕ್ಕೆ ಸುಲಭವಾದ ಪದ ದೊರೆಯದ್ದರಿಂದ ಮೂಲಪದವೇ ಉಳಿಯಿತು. ಮೇಲೆ ಹೇಳಿದ ‘ನಕಾಮಾ’ಕ್ಕೆ ‘ಒಡನಾಡಿ’ ಎಂದರೆ ಹೆಚ್ಚು ವಾದ ಬೇಕಾಗಲಾರದು. ವಾಕ್ಯರಚನೆಯಲ್ಲೂ ಜಪಾನಿ ಕನ್ನಡದಂತೆ ಕ್ರಿಯಾಪದದಲ್ಲಿ ಮುಗಿಯುವ ಭಾಷೆ. ಹೌದೋ ಅಲ್ಲವೋ ಎಂಬುದು ಕೊನೆಯವರೆಗೂ ತಿಳಿಯದ ಕುತೂಹಲವನ್ನು ಕನ್ನಡ ಹಾಗೆಯೇ ಹಿಡಿದಿಡಬಲ್ಲದು.

ಇಲ್ಲಿ ಹಳೆಯ ನಂಟೂ ಒಂದಿದೆ. ರುಮಿಕೊ ತಕಾಹಾಶಿ ಅವರ ‘ಇನುಯಾಶಾ’ 1996ರಲ್ಲಿ ಆರಂಭವಾದ ಪ್ರಸಿದ್ಧ ಮಾಂಗಾ. ‘ಇನು’ ಎಂದರೆ ನಾಯಿ; ‘ಯಾಶಾ’ ಎಂದರೆ ನಮ್ಮ ಯಕ್ಷಗಾನದ ಯಕ್ಷನೇ, ಬೌದ್ಧಧರ್ಮದೊಂದಿಗೆ ಚೀನಾದ ಮೂಲಕ ಜಪಾನಿಗೆ ನಡೆದವನು. ಅದರ ಖಳನಾಯಕ ‘ನರಾಕು’. ಸಂಸ್ಕೃತದ ನರಕವೇ ಅವನ ಹೆಸರಿನ ಮೂಲ. ‘ನರುತೊ’ ಕಥೆಯ ಯೋಧರು ಮೈಯೊಳಗಿನ ‘ಚಕುರಾ’ವನ್ನು ಎಬ್ಬಿಸಲು ಬೆರಳುಗಳಿಂದ ಮುದ್ರೆಗಳನ್ನು ಮಾಡುತ್ತಾರೆ. ಇನ್ನೂ ಒಂದು ಮಾತು: ಜಪಾನಿನ ಮಗು ಇಂದಿಗೂ ಅಕ್ಷರ ಕಲಿಯುವುದು ಅ, ಇ, ಉ, ಎ, ಒ, ಕ, ಸ, ತ, ನ, ಹ, ಮ, ಯ, ರ, ವ ಎಂಬ ಕ್ರಮದಲ್ಲಿ. ಬೌದ್ಧ ಭಿಕ್ಷುಗಳು ಅಭ್ಯಾಸ ಮಾಡಿದ ಸಿದ್ಧಂ ಲಿಪಿಯ ಮೂಲಕ ಅಲ್ಲಿಗೆ ತಲುಪಿದ ನಮ್ಮ ವರ್ಣಮಾಲೆಯ ಕ್ರಮವಿದು. ನ ಮತ್ತು ಮಗಳ ನಡುವೆ ‘ಹ’ ಇರುವುದೇಕೆಂದರೆ, ಹಳೆಯ ಜಪಾನಿಯಲ್ಲಿ ಅದು ‘ಪ’ ಆಗಿತ್ತು. ಪಕಾರ ಹಕಾರವಾದ ಹಳಗನ್ನಡದ ಕಥೆಯನ್ನು ಓದಿದವರು ಇಲ್ಲಿ ಮುಗುಳ್ನಗಬಹುದು.

ಇಷ್ಟು ಹತ್ತಿರದ ಭಾಷೆಗೆ ನಾವು ಇಷ್ಟು ದೂರದ ದಾರಿ ಹಿಡಿದಿದ್ದೇವೆ. ಮಧ್ಯವರ್ತಿಯಿಲ್ಲದೆ ವ್ಯಾಪಾರ ನಡೆಯುವುದಿಲ್ಲ ಎಂಬುದು ನಿಜ. ಆದರೆ ಒಬ್ಬನೇ ಮಧ್ಯವರ್ತಿ ಇದ್ದಾಗ ಅವನ ತಕ್ಕಡಿಯೇ ಪ್ರಮಾಣವಾಗುತ್ತದೆ. ಕನ್ನಡದ ಹುಡುಗಿಯೊಬ್ಬಳು ತನ್ನ ಭಾಷೆಯಲ್ಲಿ ಸಹಜವಾಗಿರುವ ಸಂಬಂಧವಾಚಕಗಳನ್ನೂ ಗೌರವಭೇದಗಳನ್ನೂ ಜಪಾನಿನ ಅಪೂರ್ವ ವಿಶೇಷವೆಂದು, ಅದೂ ಇಂಗ್ಲಿಷಿನ ಟಿಪ್ಪಣಿಯಿಂದ ಕಲಿಯುತ್ತಾಳೆ. ತನ್ನ ಮನೆಮಾತಿನಲ್ಲಿ ಇದಕ್ಕೆ ಸಾಟಿಯಿದೆ ಎಂದು ಅವಳಿಗೆ ಹೇಳುವವರಿಲ್ಲ. ತಾನು ಅತ್ಯಂತ ಪ್ರೀತಿಸುವ ಕಥೆಗಳಿಗೂ ಕನ್ನಡಕ್ಕೂ ಸಂಬಂಧವಿಲ್ಲ ಎಂಬ ಭಾವನೆ ಹದಿನೈದರ ವಯಸ್ಸಿನಲ್ಲಿ ಬೇರೂರಿದರೆ, ಮುಂದೆ ಯಾವ ರಾಜ್ಯೋತ್ಸವದ ಭಾಷಣವೂ ಅದನ್ನು ಕೀಳಲಾರದು. ನಾವು ಚಿಂತಿಸಬೇಕಾದ ನಷ್ಟವೆಂದರೆ ಇದು.

ಈ ಸ್ಥಿತಿ ತಾನಾಗಿ ಬಂದದ್ದಲ್ಲ. ಕನ್ನಡ ಚಿತ್ರೋದ್ಯಮ ಎಳೆಯದಾಗಿದ್ದ ಅರವತ್ತರ ದಶಕದಲ್ಲಿ ಡಬ್ಬಿಂಗ್ ವಿರುದ್ಧ ಚಳವಳಿ ನಡೆಯಿತು. ಎಳೆಯ ಉದ್ಯಮಕ್ಕೆ ರಕ್ಷಣೆ ಬೇಕೆಂಬ ವಾದವನ್ನು ಅರ್ಥಶಾಸ್ತ್ರ ಒಪ್ಪುತ್ತದೆ; ಅಂದಿನ ಹೋರಾಟಗಾರರ ಉದ್ದೇಶವನ್ನು ನಾನು ಗೌರವಿಸುತ್ತೇನೆ. ಆದರೆ ರಕ್ಷಣೆಗೆ ಅವಧಿ ಇರಬೇಕೆಂಬುದೂ ಅದೇ ಶಾಸ್ತ್ರದ ಮಾತು. ಕಾನೂನಿನ ಬಲವಿಲ್ಲದೆಯೂ ಆ ಕಟ್ಟಳೆ ಅರ್ಧ ಶತಮಾನ ಉಳಿಯಿತು. 2015ರ ಜುಲೈಯಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಇದನ್ನು ಸ್ಪರ್ಧಾವಿರೋಧಿ ನಡೆಯೆಂದು ತೀರ್ಮಾನಿಸಿತು. ಆ ಬಳಿಕ ದಕ್ಷಿಣದ ಚಿತ್ರಗಳು ಕನ್ನಡದ ಧ್ವನಿಯಲ್ಲಿ ಬರಲಾರಂಭಿಸಿದವಾದರೂ, ಮಕ್ಕಳ ಮತ್ತು ತರುಣರ ಚಿತ್ರಗಳ ವಿಷಯದಲ್ಲಿ ಹಿಂದೆ ಬಿದ್ದ ಅಂತರ ದೊಡ್ಡದು. 2025ರ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್’ ಸರಣಿಯ ಚಿತ್ರ ಭಾರತದಲ್ಲಿ ತೆರೆಕಂಡಾಗ ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗುಗಳಲ್ಲಿ ಬಂತು. ಅದೇ ವರ್ಷದ ಜನವರಿಯಲ್ಲಿ, ಯುಗೊ ಸಾಕೊ ಮತ್ತು ರಾಮ್ ಮೋಹನ್ ಮೊದಲಾದವರು ತೊಂಬತ್ತರ ದಶಕದ ಆರಂಭದಲ್ಲಿ ರೂಪಿಸಿದ ಭಾರತ-ಜಪಾನ್ ಸಹಯೋಗದ ರಾಮಾಯಣ ಅನಿಮೆ ಮತ್ತೆ ಬಿಡುಗಡೆಯಾದಾಗಲೂ ಹೊಸ ಧ್ವನಿ ದೊರೆತದ್ದು ಹಿಂದಿ, ತಮಿಳು, ತೆಲುಗುಗಳಿಗೆ. ನೂರಾರು ರಾಮಾಯಣಗಳನ್ನು ಬರೆದ ಭಾಷೆಗೆ ಆ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ.

ಅನಿಮೆಯಲ್ಲಿ ಮಕ್ಕಳಿಗೆ ತಕ್ಕುದಲ್ಲದ ಹಿಂಸೆ, ಅಶ್ಲೀಲತೆಗಳಿವೆ ಎಂಬ ಆಕ್ಷೇಪ ಸುಳ್ಳಲ್ಲ. ಅಲ್ಲಿ ಎಲ್ಲ ವಯಸ್ಸಿನವರಿಗೂ ಕಥೆಗಳಿವೆ, ಎಲ್ಲವೂ ಎಲ್ಲರಿಗಲ್ಲ. ಆದರೆ ಆಯ್ಕೆ ಮಾಡುವ ಹಿರಿಯನಿಗೆ ಅರ್ಥವಾಗುವ ಭಾಷೆಯಲ್ಲಿ ಕಥೆಯಿದ್ದರೆ ಆಯ್ಕೆ ಸುಲಭ. ಅರ್ಥವಾಗದ ಅಡಿಬರಹದ ಮುಂದೆ ಕುಳಿತ ತಾಯಿ ಯಾವುದನ್ನು ತಡೆದಾಳು, ಯಾವುದನ್ನು ಬಿಟ್ಟಾಳು?

ಹಾಗಾದರೆ ಮಾಡಬೇಕಾದುದೇನು? ಬೆಂಗಳೂರಿನಲ್ಲಿ ಜಪಾನಿ ಕಲಿಯುವವರಿಗೆ ಕೊರತೆಯಿಲ್ಲ. ಬಿಡದಿಯ ಕಾರು ಕಾರ್ಖಾನೆಯಿಂದ ಹಿಡಿದು ಸಾಫ್ಟ್‌ವೇರ್ ಕಂಪನಿಗಳವರೆಗೆ ಆ ಭಾಷೆಗೆ ಬೇಡಿಕೆಯಿದೆ, ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯೂ ಇಲ್ಲೇ ನಡೆಯುತ್ತದೆ. ಇವರಲ್ಲಿ ಹತ್ತು ಮಂದಿ ಕನ್ನಡವನ್ನೂ ಚೆನ್ನಾಗಿ ಬಲ್ಲವರನ್ನು ಹುಡುಕಿ, ಜಪಾನಿಯಿಂದ ನೇರವಾಗಿ ಕನ್ನಡಕ್ಕೆ ಮಾಂಗಾಗಳನ್ನೂ ಅಡಿಬರಹಗಳನ್ನೂ ತರುವ ಕೆಲಸ ಕೊಡುವುದು ಕುವೆಂಪು ಭಾಷಾ ಭಾರತಿ ಪ್ರಾಧಿಕಾರದಂಥ ಸಂಸ್ಥೆಗೆ ಭಾರವಾಗಲಾರದು. ಹಕ್ಕುಗಳನ್ನು ಕೇಳಿ ಪಡೆಯಬೇಕು. ಅದಕ್ಕೆ ಪ್ರಕಾಶಕರೂ ಪ್ರಸಾರ ಸಂಸ್ಥೆಗಳೂ ಮುಂದೆ ಬರಬೇಕು. ಪೂರ್ಣ ಧ್ವನಿಮರುಲೇಪನಕ್ಕೆ ಹೋಲಿಸಿದರೆ ಅಡಿಬರಹದ ವೆಚ್ಚ ಅಲ್ಪ. ಜಪಾನಿನ ನಿಧಿಯ ಅನುಭವವನ್ನು ನೆನಪಿಟ್ಟು, ಸರ್ಕಾರ ಹಣ ಸುರಿಯುವ ಬದಲು ಬಾಗಿಲು ತೆರೆಯುವ ಕೆಲಸವನ್ನಷ್ಟೇ ಮಾಡಿದರೆ ಸಾಕು. ಒಳಗೆ ನಡೆದು ಬರುವ ಉತ್ಸಾಹ ಆ ತರುಣರಲ್ಲಿ ಈಗಾಗಲೇ ಇದೆ.

ಆ ಅನುವಾದಕರು ‘ಸೆನ್‌ಪಾಯ್’ ಪದವನ್ನು ಹಾಗೆಯೇ ಉಳಿಸುತ್ತಾರೋ, ‘ಅಣ್ಣ’ ಎನ್ನುತ್ತಾರೋ, ಬೇರೊಂದು ಪದ ಹುಟ್ಟಿಸುತ್ತಾರೋ ಅದು ಅವರಿಗೆ ಬಿಟ್ಟದ್ದು. ಅರ್ಜಿ, ರೈತ, ಜಮೀನುಗಳನ್ನು ಅರಗಿಸಿಕೊಂಡ ಭಾಷೆ ಇದನ್ನೂ ಅರಗಿಸಿಕೊಳ್ಳುತ್ತದೆ. ಆದರೆ ಆ ನಿರ್ಧಾರ ಕನ್ನಡದಲ್ಲಿ, ಕನ್ನಡದ ಕಿವಿಯಿಂದ ಆಗಬೇಕು. ಮಕ್ಕಳ ಬಾಯಲ್ಲಿರುವ ಹತ್ತಾರು ಜಪಾನಿ ಪದಗಳನ್ನು ಎಣಿಸಿ ಕೊರಗುವುದಕ್ಕಿಂತ, ಅವರು ನೋಡುವ ಪರದೆಯ ಕೆಳಗೆ ಎರಡು ಸಾಲು ಕನ್ನಡ ಮೂಡುವಂತೆ ಮಾಡುವುದು ಹಿರಿಯರಾದ ನಮ್ಮ ಕೈಯಲ್ಲಿರುವ ಕೆಲಸ.